ಕೆಳಗಿನ ಸಾಲು ಮಗಳದು

ಹಲ್ಲಿನ ವಿಷಯದಲ್ಲಿ ನಾನು ಜಂಬದವಳು. ಬೇರೆ ಯಾವುದಕ್ಕೂ ಜಂಬಪಡುವ ಹಾಗೆ ದೇವರು ನನ್ನನ್ನು ಮಾಡಲಿಲ್ಲ. ಮೂಗು ಮೊಂಡು, ಕಣ್ಣಿಗೆ ಸೋಡಾಗ್ಲಾಸು, ಗಂಡ ಅರ್ಧದಾರಿಯಲ್ಲೇ ಸತ್ತು ಕೈಬಿಟ್ಟ. ಆದರೆ ಎಪ್ಪತ್ತು ದಾಟಿದ ಮೇಲೂ ನನ್ನ ಬಾಯಲ್ಲಿ ಒಂದು ಹಲ್ಲು ಹುಳುಕಾಗಿರಲಿಲ್ಲ, ಒಂದು ಅಲುಗಿರಲಿಲ್ಲ. ನನ್ನ ವಾರಗೆಯ ಹೆಂಗಸರು ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ಚಪ್ಪರಿಸುತ್ತಿದ್ದಾಗ ನಾನು ಅವರೆದುರಿಗೇ ಕಡಲೆಬೀಜ ಕಟುಂ ಎನಿಸುತ್ತಿದ್ದೆ. ಅವರ ಹೊಟ್ಟೆ ಉರಿಯಲಿ ಅಂತಲೇ.

ನಾನು ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ, ಬೀದಿಗೆ ತೆರೆಯುವ ಕಿಟಕಿಯ ಪಕ್ಕ ನನ್ನ ಹೊಲಿಗೆ ಯಂತ್ರ. ಹೊಸ ಬಟ್ಟೆ ಹೊಲಿಸುವವರು ಕಮ್ಮಿಯಾಗಿ ಬಹಳ ಕಾಲವಾಗಿತ್ತು. ಜಿಪ್ಪು ಬದಲಾಯಿಸುವುದು, ಪ್ಯಾಂಟಿನ ಕಾಲು ಮಡಿಸುವುದು, ದಪ್ಪಗಾದವರಿಗೆ ಸಡಿಲ ಮಾಡುವುದು, ತೆಳ್ಳಗಾದವರಿಗೆ ಬಿಗಿ ಮಾಡುವುದು. ಆ ವರ್ಷ ಎಲ್ಲರೂ ಬಿಗಿ ಮಾಡಿಸಲಿಕ್ಕೇ ಬರುತ್ತಿದ್ದರು. ಕತ್ತರಿ ಹುಡುಕುವ ಸಹನೆ ನನಗಿಲ್ಲ. ದಾರವನ್ನು ಹಲ್ಲಿನಲ್ಲೇ ಕಡಿದು ಬಿಸಾಡುತ್ತಿದ್ದೆ. ಗುಂಡುಪಿನ್ನುಗಳನ್ನು ತುಟಿಯ ನಡುವೆ ಕಚ್ಚಿಕೊಂಡೇ ಗಿರಾಕಿಗಳ ಜೊತೆ ಜಗಳವಾಡುತ್ತಿದ್ದೆ. ಬೀದಿಯವರು ನನಗಿಟ್ಟ ಹೆಸರು ಹಲ್ಲುಕತ್ತರಿ. ಆ ಹೆಸರು ನನಗೆ ಇಷ್ಟವೇ ಆಗಿತ್ತು.

ಉಳಿತಾಯದಲ್ಲಿ ಮಾತ್ರ ನಾನು ಪೆದ್ದಿ ಎನ್ನುವುದು ನನ್ನ ಮಕ್ಕಳ ಅಭಿಪ್ರಾಯ. ಮನೆಖರ್ಚು ಕಳೆದು ಉಳಿದದ್ದನ್ನೆಲ್ಲ ಸರ್ಕಾರದ ಉಳಿತಾಯ ಪತ್ರಕ್ಕೆ ಹಾಕಿದ್ದೆ. ಬ್ಯಾಂಕಿನವನು ಓಡಿಹೋಗಬಹುದು, ಚೀಟಿ ನಡೆಸುವವನು ಓಡಿಹೋಗಬಹುದು, ಸರ್ಕಾರ ಎಲ್ಲಿಗೆ ಓಡುತ್ತದೆ ಎಂಬುದು ನನ್ನ ಲೆಕ್ಕ. ಸರ್ಕಾರ ಓಡಲಿಲ್ಲ ನಿಜ. ಕೂತಲ್ಲೇ ಕೂತು ನೋಟು ಅಚ್ಚುಹಾಕಿತು. ಪತ್ರದ ಅವಧಿ ಮುಗಿದು ಹಣ ಕೈಗೆ ಬಂದ ದಿನ ಅದಕ್ಕೆ ಒಂದು ಮೈಸೋಪು ಬಂತು, ಅದೂ ಅಂಗಡಿಯವನು ಪರಿಚಯದವನಾದ್ದರಿಂದ.

“ದುಡ್ಡಿನ ಆಸೆಗೆ ಕೈ ತೊಳ್ಕೋ ಅಂತ ಸೋಪು ಕೊಟ್ಟಿದ್ದಾರೆ ಬಿಡಮ್ಮ,” ಎಂದು ಮಗ ನಕ್ಕ. ಮಗಳು ನಗಲಿಲ್ಲ. “ಇಷ್ಟು ವರ್ಷ ನಮಗೆ ಒಂದು ಒಳ್ಳೇ ಚಪ್ಪಲಿ ಕೊಡಿಸದೆ ಉಳಿಸಿದ್ದು ಇದಕ್ಕಾ?” ಎಂದಳು. ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಅವಳು ಹೇಳಿದ್ದು ಸುಳ್ಳಾಗಿದ್ದರೆ ಕಿತ್ತು ಬಿಸಾಡುತ್ತಿದ್ದೆ.

ಮಕ್ಕಳ ಪರಿಚಯ ಮಾಡಿಬಿಡುತ್ತೇನೆ. ಮಗ ಹಲ್ಲಿನ ಡಾಕ್ಟರಲ್ಲ, ಡಾಕ್ಟರಿಗೆ ಹಲ್ಲು ಮಾಡಿಕೊಡುವವನು. ರೋಗಿಯ ಬಾಯಿಯ ಅಚ್ಚಿನ ಮೇಲೆ ಮೇಣದಲ್ಲಿ ಹಲ್ಲು ತಿದ್ದಿ, ಲೋಹ ಕರಗಿಸಿ ಸುರಿದು, ಉಜ್ಜಿ ಹೊಳಪು ಕೊಡುತ್ತಾನೆ. ಅವನು, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವನ ಹೆಂಡತಿ, ನಾನು, ಮೂವರೂ ಒಂದೇ ಮನೆಯಲ್ಲಿ. ಮಗಳು ಬ್ಯಾಂಕಿನ ಕೌಂಟರಿನಲ್ಲಿ ಕೂರುತ್ತಾಳೆ. ಅಳಿಯನದು ಗ್ಯಾರೇಜು. ಅವರ ಮನೆ ಪಕ್ಕದ ಬೀದಿಯಲ್ಲಿ.

ಆ ಚಳಿಗಾಲದಲ್ಲಿ ಸರ್ಕಾರ ಎರಡು ಸಲ ಬಿತ್ತು. ಯಾರಾದರೂ ಮಂತ್ರಿ ರೇಡಿಯೋದಲ್ಲಿ “ನಿಮ್ಮ ಹಣ ಭದ್ರವಾಗಿದೆ” ಎಂದರೆ ಸಾಕು, ಜನ ಮಧ್ಯಾಹ್ನದೊಳಗೆ ಬ್ಯಾಂಕಿನ ಮುಂದೆ ಸಾಲು ನಿಲ್ಲುತ್ತಿದ್ದರು. ಒಂದು ರಜೆಯ ದಿನ ಮಕ್ಕಳಿಬ್ಬರೂ ತಮ್ಮ ತಮ್ಮ ಜೋಡಿಯ ಜೊತೆ ನನ್ನ ಹೊಲಿಗೆ ಮೇಜಿನ ಸುತ್ತ ಕೂತರು. ಇದ್ದಬದ್ದದ್ದನ್ನು ಎಲ್ಲಿಡುವುದು ಎಂಬುದು ಪ್ರಶ್ನೆ.

“ಬ್ಯಾಂಕು ಬೇಡ,” ಎಂದಳು ಮಗಳು. “ಅಲ್ಲಿ ಕೂತಿರೋಳು ನಾನೇ ಹೇಳ್ತಿದ್ದೀನಿ.”

“ಜಾಗ ತಗೊಳೋಣ,” ಎಂದ ಅಳಿಯ.

“ಮುಂದಿನ ಸರ್ಕಾರ ಬಂದು ನಿನ್ನ ಪತ್ರ ಸಲ್ಲದು ಅಂದ್ರೆ? ಜಾಗಾನ ಜೇಬಲ್ಲಿಟ್ಕೊಂಡು ಓಡ್ತೀಯಾ?” ಎಂದ ಮಗ.

ಹೊರದೇಶದ ನೋಟು ಇಟ್ಟುಕೊಂಡರೆ ಜೈಲು. ಧಾನ್ಯ ಇಟ್ಟರೆ ಹುಳ. ಕೊನೆಗೆ ಎಲ್ಲರ ಮಾತೂ ಚಿನ್ನಕ್ಕೆ ಬಂದು ನಿಂತಿತು. ಮಗಳು ತನ್ನ ಉಳಿತಾಯ, ಮಗ ತನ್ನದು, ಇಬ್ಬರೂ ತಂದು ಗುಟ್ಟಾಗಿ ಚಿನ್ನ ಕೊಂಡರು. ಕೊಂಡು ಇನ್ನೂ ಉಸಿರು ಬಿಟ್ಟಿರಲಿಲ್ಲ, ಹೊಸ ಆದೇಶ ಬಂತು. ಬೆರಳಿನ ಒಂದು ಉಂಗುರ ಬಿಟ್ಟು ಮನೆಯ ಚಿನ್ನವನ್ನೆಲ್ಲ ತಂದೊಪ್ಪಿಸಿ ರಸೀದಿ ಪಡೆಯಬೇಕು. ಬಚ್ಚಿಟ್ಟರೆ ಜಪ್ತಿ, ಮೇಲೆ ಸೆರೆವಾಸ. ಆದೇಶದ ಕೊನೆಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಚಿಕಿತ್ಸೆಗಾಗಿ ದೇಹದಲ್ಲಿ ಅಳವಡಿಸಿದ ಚಿನ್ನಕ್ಕೆ ಇದು ಅನ್ವಯಿಸುವುದಿಲ್ಲ.

ಆ ಸಾಲನ್ನು ದೇಶದಲ್ಲಿ ಎಷ್ಟು ಜನ ಓದಿದರೋ ನಾನರಿಯೆ. ನನ್ನ ಮಗ ಓದಿದ. ಓದಿ, ಪತ್ರಿಕೆ ಮಡಚಿ, ನನ್ನ ಬಾಯಿ ನೋಡಿದ. ನಾನು ಆಗ ದಾರ ಕಡಿಯುತ್ತಿದ್ದೆ.

“ನಿನ್ನ ಬಾಯಿಗೇ ಹಾಕ್ಕೋಬಹುದಲ್ಲೋ,” ಎಂದೆ, ಅವನು ವಿಷಯ ಬಿಡಿಸಿ ಹೇಳಿದ ಮೇಲೆ.

ಅದಕ್ಕೆ ಅವನ ಹತ್ತಿರ ಉತ್ತರ ಸಿದ್ಧವಿತ್ತು. ಅವನು ದಿನಾ ಡಾಕ್ಟರರ ಮುಂದೆ ಬಾಯಿ ಬಿಡುವವನು, ಗುಟ್ಟು ಉಳಿಯುವುದಿಲ್ಲ. ಸೊಸೆಯ ಒಸಡು ಮೆತ್ತಗೆ. ಮಗಳು ಕೌಂಟರಿನಲ್ಲಿ ನಗಬೇಕಾದವಳು. ಅಳಿಯ ಕುಡಿದಾಗ ಜಗಳಕ್ಕೆ ಹೋಗುತ್ತಾನೆ, ಯಾರಾದರೂ ಒಂದು ಗುದ್ದಿದರೆ ಇಡೀ ಉಳಿತಾಯ ಚರಂಡಿಗೆ. “ನಿನ್ನ ಬೇರು ಕಬ್ಬಿಣ ಇದ್ದ ಹಾಗಿದೆ ಅಮ್ಮ. ವಯಸ್ಸಾದವರ ಬಾಯಲ್ಲಿ ಚಿನ್ನದ ಹಲ್ಲಿದ್ರೆ ಯಾರೂ ಯಾಕೆ ಅಂತ ಕೇಳಲ್ಲ. ನೀನು ಎಲ್ಲೂ ಹೋಗೋಳೂ ಅಲ್ಲ.”

“ಚೆನ್ನಾಗಿರೋ ಹಲ್ಲೋ ಅದು.”

“ಚೆನ್ನಾಗಿರೋದಕ್ಕೇ ಕೇಳ್ತಿರೋದು. ಹುಳುಕು ಗೋಡೇಲಿ ಯಾರಾದ್ರೂ ತಿಜೋರಿ ಕೂರಿಸ್ತಾರಾ?”

ನಾನು ಇಲ್ಲ ಎನ್ನಬಹುದಿತ್ತು. ಆದರೆ ಮಗಳು ಮೂಲೆಯಲ್ಲಿದ್ದ ನನ್ನ ಸೋಪಿನ ಕಡೆ ಒಂದು ಸಲ ನೋಡಿದಳು. ಅಷ್ಟೇ ನೋಡಿದ್ದು. ನಾನು ಹ್ಞೂಂ ಎಂದೆ.

ಮಗ ಹಲ್ಲು ಮಾಡಿಕೊಡುತ್ತಿದ್ದ ಡಾಕ್ಟರರಲ್ಲಿ ಒಬ್ಬರು ಆಗಲೇ ಹೊರದೇಶಕ್ಕೆ ಹೋಗಿದ್ದರು. ಅವರ ಆಸ್ಪತ್ರೆಯ ಕೀಲಿ ಮಗನ ಹತ್ತಿರ ಇತ್ತು. ಆ ಒರಗು ಕುರ್ಚಿಯಲ್ಲಿ ನನ್ನನ್ನು ಮಲಗಿಸಿ, ನನ್ನ ಒಳ್ಳೆಯ ದವಡೆ ಹಲ್ಲುಗಳನ್ನು ಒಂದೊಂದಾಗಿ ಯಂತ್ರದಲ್ಲಿ ತೇಯ್ದ. ತೇಯ್ದು ಮೊಳೆಯಷ್ಟು ಸಣ್ಣ ಮಾಡಿದ. ಸುಟ್ಟ ಕೂದಲಿನ ವಾಸನೆ ಬರುತ್ತಿತ್ತು. ನನ್ನ ಹಲ್ಲಿನ ಹಿಟ್ಟು ನನ್ನದೇ ಎದೆಯ ಮೇಲೆ ಬಿಳಿಯಾಗಿ ಬೀಳುತ್ತಿತ್ತು. ಆಮೇಲೆ ಆ ಮೊಳೆಗಳ ಮೇಲೆ ಚಿನ್ನದ ಟೋಪಿ ಕೂರಿಸಿ ಅಂಟು ಹಾಕಿದ. ಕೈ ಮಾತ್ರ ಒಳ್ಳೆಯ ಕೈ, ಇಲ್ಲ ಎನ್ನಲಾರೆ. ಮೇಲಿನ ಸಾಲು ಅಣ್ಣನದು, ಕೆಳಗಿನ ಸಾಲು ತಂಗಿಯದು ಎಂದು ನನ್ನ ತಲೆಯ ಮೇಲೆಯೇ ತೀರ್ಮಾನವಾಯಿತು. ಗಂಡುಮಗ ಮೇಲೆ, ಹೆಣ್ಣುಮಗಳು ಕೆಳಗೆ. ನನ್ನ ಬಾಯೊಳಗೂ ಈ ಲೋಕದ್ದೇ ನ್ಯಾಯ.

ಮೊದಲು ದವಡೆಗಳಷ್ಟೇ ಎಂದಿದ್ದರು. ಆದರೆ ಸಂಬಳ ಕೈಗೆ ಬಂದ ದಿನವೇ ಅದನ್ನು ಕಳ್ಳಪೇಟೆಯಲ್ಲಿ ಚಿನ್ನ ಮಾಡಿಕೊಳ್ಳದಿದ್ದರೆ ವಾರದಲ್ಲಿ ಕರಗಿಹೋಗುತ್ತಿತ್ತು. ಹಾಗಾಗಿ ಉಳಿತಾಯ ಹಿಂದಿನಿಂದ ಮುಂದಕ್ಕೆ ಬಂತು. ದವಡೆ ಮುಗಿದು ಕೋರೆ, ಕೋರೆ ಮುಗಿದು ಮುಂದಿನವು. ಅಷ್ಟೊತ್ತಿಗೆ ಮರಗಟ್ಟಿಸುವ ಸೂಜಿಮದ್ದು ಪೇಟೆಯಲ್ಲೇ ಇರಲಿಲ್ಲ. ಮುಂದಿನ ಹಲ್ಲುಗಳನ್ನು ತೇಯುವಾಗ ಮಗಳು ನನ್ನ ಎರಡು ಕೈ ಹಿಡಿದುಕೊಂಡು ತಾನೇ ಅತ್ತಳು. “ಸ್ವಲ್ಪ ತಡ್ಕೊಳಮ್ಮ, ಆಯ್ತು ಆಯ್ತು,” ಎನ್ನುತ್ತಿದ್ದಳು. ಅವಳನ್ನು ಹೆರುವಾಗ ಸೂಲಗಿತ್ತಿ ನನಗೆ ಹೇಳಿದ್ದೂ ಅದೇ ಮಾತು.

ಒಂದು ಬೆಳಿಗ್ಗೆ ಜಪ್ತಿಯವರು ಬಂದರು. ಹೂಕುಂಡಕ್ಕೆ ಸಲಾಕೆ ಚುಚ್ಚಿ ನೋಡಿದರು, ಹೊಲಿಗೆ ಯಂತ್ರದ ಹೊಟ್ಟೆ ಬಿಚ್ಚಿ ನೋಡಿದರು, ಹಾಸಿಗೆ ಹರಿದು ನೋಡಿದರು. ಕೊನೆಗೆ ಒಬ್ಬ ಹುಡುಗಿ, ನನಗೆ ಮೊಮ್ಮಗಳಾಗುವ ವಯಸ್ಸಿನವಳು, “ಬಾಯಿ ತೆಗೀರಿ ಅಜ್ಜಿ” ಎಂದು ಟಾರ್ಚು ಬಿಟ್ಟಳು. ಅವಳ ಕಣ್ಣು ಕುಕ್ಕಿತು. ಜೊತೆಯವನನ್ನು ಕರೆದಳು, ಅವನೂ ಬಗ್ಗಿ ನೋಡಿದ. “ಚಿಕಿತ್ಸೆ,” ಎಂದ ನನ್ನ ಮಗ, ಮುಖದ ಒಂದು ನರವೂ ಅಲುಗದ ಹಾಗೆ. “ವಿನಾಯಿತಿ,” ಎಂದು ಆ ಹುಡುಗಿ ಬೇಸರದಿಂದ ಟಾರ್ಚು ಆರಿಸಿದಳು. ಅವರು ಹೋದ ಮೇಲೆ ನನ್ನ ಮಗ ನನ್ನನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದ. ಮಗಳು ನನ್ನ ಕೆನ್ನೆಗೆ ಮುತ್ತಿಟ್ಟಳು. ಅವರಪ್ಪ ಸತ್ತ ಮೇಲೆ ಆ ಮನೆಯಲ್ಲಿ ಅಷ್ಟು ಸಂತೋಷ ನಾನು ಕಂಡಿರಲಿಲ್ಲ. ಹುಚ್ಚುಮುಂಡೆ, ನಾನೂ ನಕ್ಕೆ.

“ಅಮ್ಮ, ನಗಬೇಡ,” ಎಂದು ಮಗ ಕಿಟಕಿ ಮುಚ್ಚಿದ.

ಆ ಕಿಟಕಿ ಮತ್ತೆ ತೆಗೆಯಲೇ ಇಲ್ಲ. ಬೀದಿಯಲ್ಲಿ ಯಾರೋ ಒಬ್ಬನನ್ನು ಹಿಡಿದು ಎರಡು ಚಿನ್ನದ ಹಲ್ಲಿಗಾಗಿ ಕಲ್ಲಿನಲ್ಲಿ ಬಾಯಿ ಜಜ್ಜಿದ್ದರು. ಅವತ್ತಿನಿಂದ ಎಲ್ಲರೂ ಕೆಲಸಕ್ಕೆ ಹೋಗುವಾಗ ನನ್ನನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕುತ್ತಿದ್ದರು. ಗಿರಾಕಿಗಳು ಬಂದು ಬಾಗಿಲು ತಟ್ಟಿ, ಮುದುಕಿಗೆ ಕೊಬ್ಬು ಎಂದುಕೊಂಡು ಹೋದರು. ಕೀಲಿ ಮಗನ ಹತ್ತಿರ ಒಂದು, ಮಗಳ ಹತ್ತಿರ ಒಂದು. ನನಗೇಕೆ ಕೊಡಲಿಲ್ಲ ಎಂದು ನಾನು ಕೇಳಲೂ ಇಲ್ಲ. ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗೇ ಇಡುತ್ತಾರೆಯೇ?

ಉಪಚಾರಕ್ಕೇನೂ ಕಮ್ಮಿಯಿರಲಿಲ್ಲ. ಒಂದು ಲೋಟ ನೀರು ಕೊಡಲಿಕ್ಕೆ ಮೂತಿ ತಿರುವುತ್ತಿದ್ದ ಸೊಸೆ ಈಗ ಮೆತ್ತನೆಯ ಬ್ರಷ್ಷು ತಂದು, “ಅತ್ತೆ, ನಿಧಾನಕ್ಕೆ ಉಜ್ಜಿ, ಸವೀತದೆ,” ಎನ್ನುತ್ತಿದ್ದಳು. ಎಲ್ಲ ಗಂಜಿಯ ಹಾಗೆ ಬೇಯಿಸಿ ಬಡಿಸುತ್ತಿದ್ದಳು. ಬಿಸಿ ತಾಗಿದರೆ ಮೊಳೆಗಳು ಜುಮ್ಮೆನ್ನುತ್ತಿದ್ದವು, ತಣ್ಣಗಿನದು ತಾಗಿದರೆ ತಲೆಯವರೆಗೂ ಹೊಡೆಯುತ್ತಿತ್ತು. ಹಾಗಾಗಿ ಎಲ್ಲವೂ ಉಗುರುಬೆಚ್ಚಗೆ. ಊಟವಾದ ಮೇಲೆ ಮಗ ದಿನಾ ನನ್ನ ಬಾಯಿ ಪರೀಕ್ಷೆ ಮಾಡುತ್ತಿದ್ದ. “ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ, ನನಗೆ ಎರಡೂ ಇದ್ದು ತಿನ್ನೋ ಹಾಗಿಲ್ಲವಲ್ಲೋ,” ಎಂದರೆ, “ಒಳ್ಳೇ ಕಾಲ ಬರಲಿ ತಿನ್ನುವಿಯಂತೆ,” ಎನ್ನುತ್ತಿದ್ದ. ನಿಜ ಹೇಳಬೇಕೆಂದರೆ ಈ ಉಪಚಾರ ನನಗೆ ಹಿತವಾಗಿಯೇ ಇತ್ತು. ಸೋಪಿಗಾದರೂ ಪ್ರಾಯಶ್ಚಿತ್ತವಾಯಿತು ಎಂದುಕೊಂಡಿದ್ದೆ.

ಆಮೇಲೆ ರುಚಿ ಶುರುವಾಯಿತು.

ಕೆಳಗಿನ ಸಾಲಿನಿಂದ. ಮೊದಮೊದಲು ಬೆಳಿಗ್ಗೆ ಎದ್ದಾಗ ಮಾತ್ರ, ಬರಬರುತ್ತಾ ಇಡೀ ದಿನ. ನನ್ನ ತುಟಿಯ ನಡುವೆ ಜೀವಮಾನವಿಡೀ ಗುಂಡುಪಿನ್ನು ಇದ್ದವು. ಕೆಲವು ಉಕ್ಕಿನವು, ಕೆಲವು ಹಿತ್ತಾಳೆಯವು. ಹಿತ್ತಾಳೆಯ ಪಿನ್ನು ಬಾಯಲ್ಲಿ ಸ್ವಲ್ಪ ಹೊತ್ತಿದ್ದರೆ ನಾಲಿಗೆಯ ಅಂಚಿಗೆ ಹುಳಿಹುಳಿಯಾಗಿ ಒಂದು ಕಿಲುಬಿನ ರುಚಿ ಇಳಿಯುತ್ತದೆ. ಅದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಮೇಲಿನ ಸಾಲಿಗೆ ನಾಲಿಗೆ ತಾಗಿಸಿದೆ: ಏನೂ ಇಲ್ಲ, ಸುಮ್ಮನೆ ನುಣುಪು, ಭಾರ. ಕೆಳಗೆ ತಾಗಿಸಿದೆ: ಹಿತ್ತಾಳೆ.

ಸೊಸೆ ಸ್ನಾನಕ್ಕೆ ಹೋಗಿದ್ದಾಗ ಮಗನನ್ನು ಕೇಳಿದೆ. “ಏನೋ ಇದು? ನಿನ್ನ ತಂಗಿ ಸಾಲಲ್ಲಿ ಹಿತ್ತಾಳೆ ರುಚಿ ಬರ್ತಿದೆ.”

ಅವನು ಇಲ್ಲ ಎನ್ನಲಿಲ್ಲ. ಅದೊಂದು ಒಳ್ಳೆಯ ಗುಣ ಅವನಿಗೆ; ಸಿಕ್ಕಿಬಿದ್ದ ಮೇಲೆ ಸುಳ್ಳು ಹೇಳುವುದಿಲ್ಲ. ಹತ್ತಿರ ಬಂದು ಕೂತು ನನ್ನ ಕೈ ಹಿಡಿದುಕೊಂಡ.

“ಅವಳ ಗಂಡ ಕುಡುಕ ಅಲ್ವೇನಮ್ಮ. ಇವತ್ತಲ್ಲ ನಾಳೆ ಬಂದು ಕೀಳಿಸ್ಕೊಂಡು ಹೋಗಿ ಕುಡೀತಾನೆ. ಅದಕ್ಕೇ ಅವಳ ಪಾಲನ್ನೂ ಮೇಲೇ ಹಾಕಿದ್ದೀನಿ, ದಪ್ಪಗೆ. ಅವಳ ಒಳ್ಳೇದಕ್ಕೆ.”

“ಅವಳಿಗೆ ಹೇಳಿದ್ಯಾ?”

“ಹೇಳಿದ್ರೆ ಒಳ್ಳೇದು ಮಾಡೋಕೆ ಬಿಡ್ತಾಳಾ? ನೋಡಮ್ಮ, ಎರಡೂ ನಿನ್ನ ಬಾಯಲ್ಲೇ ಇದೆ. ಎಲ್ಲಿಗೆ ಹೋಗುತ್ತೆ? ನೀನು ಬಾಯಿ ಬಿಟ್ರೆ ಮಾತ್ರ ಕಷ್ಟ. ಅವಳು ಬಂದು ಮೇಲಿನವಕ್ಕೆ ಕೈ ಹಾಕ್ತಾಳೆ, ನಾನು ಸುಮ್ಮನಿರಲ್ಲ. ನೋವು ಯಾರಿಗೆ?”

ಅವನು ಹೇಳಿದ್ದು ಬೆದರಿಕೆಯೇ, ಆದರೆ ಕೈಯನ್ನು ಮೃದುವಾಗಿ ಸವರುತ್ತಲೇ ಹೇಳಿದ. ಬಿಸಿತುಪ್ಪದ ಗತಿ ನನ್ನದು, ನುಂಗುವ ಹಾಗಿಲ್ಲ ಉಗುಳುವ ಹಾಗಿಲ್ಲ. ಹೇಳಿದರೆ ಹೊಟ್ಟೆಯಲ್ಲಿ ಹುಟ್ಟಿದ ಎರಡೂ ಒಂದನ್ನೊಂದು ಹರಿದು ತಿನ್ನುತ್ತವೆ. ಹೇಳದಿದ್ದರೆ ಹೆಣ್ಣುಮಗಳಿಗೆ ಮೋಸ. ಅವಳಿಗೆ ಚಪ್ಪಲಿ ಕೊಡಿಸಲಿಲ್ಲ, ಈಗ ಅವಳ ಚಿನ್ನವನ್ನೂ ಕಾಯಲಿಲ್ಲ. ಕಾಲ ನೆಟ್ಟಗಾದ ಮೇಲೆ ಇವನೇ ಹೇಳಿಯಾನು ಎಂದು ಹಿತ್ತಾಳೆ ಜೊಲ್ಲು ನುಂಗಿಕೊಂಡು ಇದ್ದುಬಿಟ್ಟೆ.

ಕಾಲ ನೆಟ್ಟಗಾಗಲಿಲ್ಲ. ಗಡಿ ಮುಚ್ಚುತ್ತಾರೆ ಎಂಬ ಸುದ್ದಿ ಬಂತು. ಗಡಿಯ ಆಚೆ ಒಂದು ಗ್ಯಾರೇಜಿನಲ್ಲಿ ಅಳಿಯನಿಗೆ ಕೆಲಸ ಸಿಕ್ಕಿತ್ತು; ದಾಟಿಸುವವನು ನೋಟು ಮುಟ್ಟುವುದಿಲ್ಲ, ಚಿನ್ನವೇ ಬೇಕು. ಮಗಳು ಅಣ್ಣನ ಹತ್ತಿರ ಬಂದು ತನ್ನ ಸಾಲು ಬಿಚ್ಚಿಕೊಡು ಎಂದು ಕೇಳಿದಳು. ಅವನು ಈಗ ಬೇಡ, ಬೆಲೆ ಇನ್ನೂ ಏರುತ್ತೆ ಎಂದ. ಮರುದಿನ ಕೇಳಿದಳು, ಆಸ್ಪತ್ರೆಗೆ ಕರೆಂಟಿಲ್ಲ ಎಂದ. ಮೂರನೆಯ ಸಲ ಅವಳು ಕೇಳಲಿಲ್ಲ.

ಎಲ್ಲರೂ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಬೀಗ ತೆಗೆದು ಬಂದಳು, ಜೊತೆಗೆ ಅಳಿಯ. ಕೈಯಲ್ಲಿ ಗ್ಯಾರೇಜಿನ ಚೀಲ. ಅಳಿಯ ಅಂದು ಕುಡಿದಿರಲಿಲ್ಲ. ತಲೆ ಬಾಚಿಕೊಂಡು, ಶುಭ್ರವಾದ ಅಂಗಿ ಹಾಕಿಕೊಂಡು ಬಂದಿದ್ದ. ಚೀಲದಿಂದ ಇಕ್ಕಳ ತೆಗೆದು ಪಾತ್ರೆಯಲ್ಲಿ ನೀರಿಟ್ಟು ಕುದಿಸಲಿಕ್ಕೆ ಹಾಕಿದ.

“ಅತ್ತೆ, ತಪ್ಪು ತಿಳ್ಕೋಬೇಡಿ,” ಎಂದ. “ಅಂಟನ್ನ ಸಡಿಲ ಮಾಡಿ ಟೋಪಿ ಮಾತ್ರ ತೆಗೀತೀನಿ. ಬೋಲ್ಟು ಬಿಚ್ಚಿದ ಹಾಗೆ.”

“ಅಮ್ಮ, ನನಗೂ ಬೇರೆ ದಾರಿ ಇಲ್ಲ,” ಎಂದಳು ಮಗಳು. ನನ್ನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಅವಳ ಕೈ ತಣ್ಣಗಿತ್ತು. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ.

“ಬೇಡ ಕಣೇ. ಅದು ಹಿತ್ತಾಳೆ.”

ಅವಳು ನನ್ನನ್ನು ನೋಡಿದ ರೀತಿ ನಾನು ಸಾಯುವವರೆಗೂ ಮರೆಯುವುದಿಲ್ಲ. ಸಿಟ್ಟಲ್ಲ, ಮರುಕ. “ಪಾಪ, ಹೆದರಿಕೊಂಡು ಏನೇನೋ ಹೇಳ್ತಿದ್ದಾಳೆ,” ಎಂದಳು ಗಂಡನಿಗೆ. ಆಮೇಲೆ ನನ್ನ ಕಡೆ ತಿರುಗಿ, “ಅಥವಾ ಅಣ್ಣ ಹೇಳ್ಕೊಟ್ಟಿರಬೇಕು. ಕೇಳಿದ್ರೆ ಹೀಗನ್ನು ಅಂತ. ಯಾವಾಗಲೂ ಮಗನ ಪಕ್ಷವೇ ಅಲ್ವಾ ನೀನು?”

“ದೇವರಾಣೆ ಕಣೇ. ನಾಲಿಗೆಗೆ ಗೊತ್ತಾಗ್ತಿದೆ.”

“ಬಾಯಿ ತೆಗಿ ಅಮ್ಮ.”

ಬೋಲ್ಟು ಬಿಚ್ಚಿದ ಹಾಗೆ ಏನೂ ಇರಲಿಲ್ಲ. ಮಗನ ಅಂಟು ಒಳ್ಳೆಯ ಅಂಟು. ಎಡಗಡೆಯ ದವಡೆಯ ಟೋಪಿ ತನ್ನ ಜೊತೆಗೆ ಮೊಳೆಯನ್ನೂ, ಮೊಳೆಯ ಜೊತೆಗೆ ಬೇರನ್ನೂ ಎಳೆದುಕೊಂಡು ಬಂತು. ನಾನು ಕೂಗಿದ್ದು ನನಗೇ ಬೇರೆ ಯಾರೋ ಕೂಗಿದ ಹಾಗೆ ಕೇಳಿಸಿತು. ಅಳಿಯ ಬೆವರಿ ಹೋಗಿದ್ದ. ಮಗಳು ನನ್ನ ಬಾಯಿಗೆ ಬಟ್ಟೆ ಒತ್ತಿದಳು, ನಾನೇ ಅಂಚು ಹೊಲಿದ ಬಟ್ಟೆ. ಒತ್ತುತ್ತಲೇ, ನನ್ನ ಮಾತು ಅವಳಿಗೆ ಎಲ್ಲೋ ಚುಚ್ಚಿರಬೇಕು, “ರೀ, ಒಲೆಗೆ ಹಿಡಿದು ನೋಡಿ,” ಎಂದಳು. ಚಿನ್ನವಾದರೆ ಬೆಂಕಿಗೆ ಬಣ್ಣ ಕೆಡುವುದಿಲ್ಲ. ಅಳಿಯ ಇಕ್ಕಳದಲ್ಲೇ ಅದನ್ನು ಉರಿಗೆ ಹಿಡಿದ. ನೋಡುತ್ತಿದ್ದ ಹಾಗೇ ಅದು ಇದ್ದಿಲಿನ ಹಾಗೆ ಕಪ್ಪಾಯಿತು.

ಇನ್ನು ಬಿಡುತ್ತಾರೆ ಎಂದುಕೊಂಡೆ. ಅಳಿಯ ಅದನ್ನು ಒಲೆಯ ಕಟ್ಟೆಯ ಮೇಲಿಟ್ಟ. ಮಗಳು ಹೇಳಿದಳು: “ಅಣ್ಣ ಅಷ್ಟು ಕೆಟ್ಟವನಲ್ಲ. ಚಿನ್ನ ಸಾಲದೆ ಇದೊಂದಕ್ಕೆ ಹಾಕಿರಬೇಕು. ಪಕ್ಕದ್ದು ನೋಡಿ.”

ಪಕ್ಕದ್ದು ಬಂತು. ಅದೂ ಕಪ್ಪಾಯಿತು.

“ಮೊದಲು ಕಟ್ಟಿದ್ದು ಇವು. ಆಗ ಅವನಿಗೂ ಕಷ್ಟ ಇತ್ತು. ಆಮೇಲಿನವು ಸರಿ ಇರ್ತವೆ. ಬಲಗಡೆ ನೋಡಿ.”

ಬಲಗಡೆಯದು ಬಂತು. ನನ್ನ ಮಗಳಿಗೆ ಅಣ್ಣನ ಮೇಲೆ ಅಷ್ಟು ನಂಬಿಕೆ ಇದೆ ಎಂದು ನನಗೆ ಅಂದಿನವರೆಗೂ ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗ ಅವನ ಅಂಗಿಯ ಚುಂಗು ಹಿಡಿದುಕೊಂಡೇ ಶಾಲೆಗೆ ಹೋಗುತ್ತಿದ್ದಳು. ಅವನು ಕೈಬಿಟ್ಟು ಓಡಿದರೂ, ಅಣ್ಣ ಬರ್ತಾನೆ ಎಂದು ದಾರಿಯಲ್ಲೇ ನಿಂತಿರುತ್ತಿದ್ದಳು. ಈಗಲೂ ಹಾಗೇ ನಿಂತಿದ್ದಳು. ಇದೊಂದಾದರೂ ಇರುತ್ತೆ, ಕೋರೆಯಾದರೂ ಇರುತ್ತೆ, ಮುಂದಿನದನ್ನ ನನ್ನ ಸಂಬಳದಲ್ಲೇ ಮಾಡಿದ್ದು, ಅದು ಖಂಡಿತ ಇರುತ್ತೆ, ಎನ್ನುತ್ತಿದ್ದಳು. ಅವಳು ಒಂದೊಂದು ಸಲ ಅಣ್ಣನನ್ನು ನಂಬಿದಾಗಲೂ ನನಗೆ ಒಂದು ಹಲ್ಲು ಹೋಯಿತು. ಕೆಲವು ಬುಡಸಮೇತ ಬಂದವು, ಕೆಲವು ಒಸಡಿನ ಮಟ್ಟಕ್ಕೆ ಮುರಿದವು. ಅವಳು ನಂಬದವಳಾಗಿದ್ದರೆ, ಅವನ ಹಾಗೇ ಧೂರ್ತೆಯಾಗಿದ್ದರೆ, ನಾನು ಒಂದರಲ್ಲೇ ಪಾರಾಗುತ್ತಿದ್ದೆ. ಸಾಕು ಎಂದು ಹೇಳಲು ನೋಡಿದೆ. ಬಾಯಲ್ಲಿ ಬಟ್ಟೆಯಿತ್ತು.

ಕೆಳಗಿನ ಸಾಲು ಮುಗಿಯಿತು. ಒಲೆಯ ಕಟ್ಟೆಯ ಮೇಲೆ ಕರಿ ಚೂರುಗಳು ಸಾಲಾಗಿ ಕೂತಿದ್ದವು. ಮಗಳು ಅವುಗಳ ಕಡೆ ನೋಡದೆ ನನ್ನ ಕಡೆ ತಿರುಗಿದಳು.

“ನನ್ನದು ಎಲ್ಲಿದೆ ಅಮ್ಮ?”

ನಿನ್ನಣ್ಣ ಮಾರಿಕೊಂಡ ಎಂದು ಸುಳ್ಳು ಹೇಳಬೇಕೆಂದಿದ್ದೆ. ಬಾಯಲ್ಲಿ ಮಾತು ಆಗಲಿಲ್ಲ, ಬರೀ ರಕ್ತ. ಅವಳೇ ಟಾರ್ಚು ತಂದು ನೋಡಿದಳು. ಮೇಲಿನ ಸಾಲಿನ ಮೇಲೆ ಉಗುರಾಡಿಸಿದಳು. “ರೀ, ಇದು ದಪ್ಪ ಇದೆ ಅಲ್ವಾ? ಒಬ್ಬರ ಪಾಲಿಗೆ ಇಷ್ಟು ದಪ್ಪ ಬರುತ್ತಾ?”

“ಎಲ್ಲಾ ತೆಗೆದುಬಿಡೋಣ,” ಎಂದ ಅಳಿಯ.

“ಛೆ, ನಾವೇನು ಕಳ್ಳರಾ?” ಎಂದಳು ನನ್ನ ಮಗಳು. ಅವಳನ್ನು ನಾನು ಹಾಗೇ ಬೆಳೆಸಿದ್ದೆ, ಬೇರೆಯವರ ಕಾಸು ಮುಟ್ಟದ ಹಾಗೆ. “ಅವನ ಪಾಲು ಅವನಿಗಿರಲಿ. ಬಲಗಡೆ ಅರ್ಧ ನಮ್ಮದು.”

ಬಲಗಡೆ ಅರ್ಧ ತೆಗೆದರು. ಉರಿಗೆ ಹಿಡಿದರು. ಹಳದಿ ಹಳದಿಯಾಗಿಯೇ ಉಳಿಯಿತು. ಮಗಳು ಅದನ್ನು ಕರ್ಚೀಫಿನಲ್ಲಿ ಕಟ್ಟಿ ಎದೆಗೆ ಸಿಕ್ಕಿಸಿಕೊಂಡಳು. ಉಪ್ಪುನೀರು ಮಾಡಿ ನನ್ನ ಬಾಯಿ ತೊಳೆದಳು, ಗಲ್ಲ ಒರೆಸಿದಳು, ರಕ್ತವಾದ ರವಿಕೆ ಬದಲಾಯಿಸಿದಳು. ನೆಲವನ್ನೂ ಒರೆಸಿದಳು. “ಅಲ್ಲಿ ಹೋಗಿ ನೆಲೆ ಕಂಡ ಮೇಲೆ ನಿನ್ನನ್ನ ಕರೆಸ್ಕೋತೀನಿ,” ಎಂದಳು. ಅವಳ ಕಣ್ಣಲ್ಲಿ ನೀರಿತ್ತು, ಅದು ಸುಳ್ಳು ನೀರಲ್ಲ. ಹೋಗುವಾಗ ಅಭ್ಯಾಸಬಲದಿಂದ ಹೊರಗಿನಿಂದ ಬೀಗ ಹಾಕಿಕೊಂಡು ಹೋದಳು.

ನಾನು ಗೋಡೆಗೆ ಒರಗಿ ಕೂತೆ. ಒಂದೇ ಒಂದು ಆಸೆ ಉಳಿದಿತ್ತು. ಮಗ ಬರುತ್ತಾನೆ, ನನ್ನ ಮುಖ ನೋಡುತ್ತಾನೆ, ಅಮ್ಮಾ ಏನಾಯ್ತು ಎನ್ನುತ್ತಾನೆ. ಅಷ್ಟು ಸಾಕು. ಅವನು ಮಾಡಿದ್ದನ್ನೆಲ್ಲ ಆ ಒಂದು ಮಾತಿಗೆ ಮಾಫಿ ಮಾಡಲು ನಾನು ತಯಾರಾಗಿ ಕೂತಿದ್ದೆ.

ಸಂಜೆ ಬಾಗಿಲು ತೆರೆಯಿತು. ಮಗ ಒಲೆಯ ಕಟ್ಟೆಯ ಮೇಲಿನ ಕರಿ ಚೂರುಗಳನ್ನು ನೋಡಿದ. ಊದಿಕೊಂಡ ನನ್ನ ಮುಖ ನೋಡಿದ. ಚಪ್ಪಲಿ ಬಿಡದೆ ಓಡಿ ಬಂದ. ನನ್ನ ಮುಂದೆ ಮಂಡಿಯೂರಿ, ಎರಡೂ ಕೈಯಲ್ಲಿ ನನ್ನ ಗಲ್ಲ ಹಿಡಿದು, ಬೆಳಕಿಗೆ ತಿರುಗಿಸಿ, ಬಾಯಿ ಬಿಡಿಸಿದ. ಬೆರಳು ಒಳಗಿಟ್ಟು ಮೇಲಿನ ಎಡಗಡೆಯನ್ನು ಹಿಂದಿನಿಂದ ಮುಂದಕ್ಕೆ ತಡವಿದ. ಒಂದೊಂದನ್ನೂ ಅಲುಗಿಸಿ ನೋಡಿದ. ತಡೆಹಿಡಿದಿದ್ದ ಉಸಿರು ಬಿಟ್ಟ.

“ಸದ್ಯ,” ಎಂದ. “ಎಡಗಡೆ ಹಾಗೇ ಇದೆ.”

ಅವನ ಬೆರಳು ಇನ್ನೂ ನನ್ನ ಬಾಯಲ್ಲೇ ಇತ್ತು. ಅವನು ಹುಟ್ಟಿದಾಗಿನಿಂದ ಅವನ ಮೇಲೆ ಒಂದು ದಿನ ಕೈಯೆತ್ತಿದವಳಲ್ಲ ನಾನು. ಈಗ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ದವಡೆಗೆ ತಂದು ಕಚ್ಚಿದೆ, ಮೂಳೆ ಮುರಿಯಲಿ ಅಂತ ಕಚ್ಚಿದೆ. ಕೆಳಗಿನ ಬೋಳು ಒಸಡು ಹೋಗಿ ಅವನ ಬೆರಳನ್ನು ಮೆತ್ತಗೆ ಅಮುಕಿತು.

ಅವನ ಮುಖದಲ್ಲಿ ನಗು ಅರಳಿತು. ಬೆರಳನ್ನು ಹಾಗೇ ಬಿಟ್ಟುಕೊಂಡು ಹೆಂಡತಿಯನ್ನು ಕರೆದ. “ಇಲ್ನೋಡೇ, ಅಮ್ಮ ಮಗು ಥರ ಚೀಪ್ತಾಳೆ.”